ಒಂದೇ ಕೋಲು, ಕೆರೆಗೂ ಹೊಳೆಗೂ: ಇಂಗ್ಲೆಂಡಿನಲ್ಲಿ ಗಾಳ ಹಾಕಲು ಹೊರಟವರಿಗೆ

ಮಾರ್ಚ್ 15ರಿಂದ ಜೂನ್ 15ರವರೆಗೆ ಇಂಗ್ಲೆಂಡಿನ ನದಿಗಳಲ್ಲಿ ‘ಕೋರ್ಸ್’ ಮೀನುಗಳಿಗೆ ಗಾಳ ಹಾಕುವಂತಿಲ್ಲ. ಅದು ಅವು ಮೊಟ್ಟೆಯಿಡುವ ಕಾಲ. ಜೂನ್ 16ರ ನಸುಕಿನಲ್ಲಿ ದಡಗಳಿಗೆ ಮತ್ತೆ ಜನ ಬರುತ್ತಾರೆ. ಸಾಲ್ಮನ್ ಮತ್ತು ಟ್ರೌಟ್ ಜಾತಿಗಳನ್ನು ಇಲ್ಲಿನವರು ‘ಗೇಮ್’ ಮೀನು ಎನ್ನುತ್ತಾರೆ. ರೋಚ್, ಬ್ರೀಮ್, ಟೆಂಚ್, ಪರ್ಚ್, ಚಬ್, ಬಾರ್ಬೆಲ್, ಕಾರ್ಪ್ ಮುಂತಾಗಿ ಸಿಹಿನೀರಿನಲ್ಲಿ ಉಳಿದವೆಲ್ಲ ಕೋರ್ಸ್ ಮೀನುಗಳು. ಅಂಗೈಯಷ್ಟು ರೋಚ್‌ನಿಂದ ತೋಳುದ್ದದ ಬಾರ್ಬೆಲ್‌ವರೆಗೆ ಎಲ್ಲಕ್ಕೂ ಒಂದೇ ಕೋಲು ಸಾಕೇ ಎಂದು ಹೊಸದಾಗಿ ಇಲ್ಲಿಗೆ ಬಂದ ಕನ್ನಡಿಗರು ನನ್ನನ್ನು ಕೇಳುತ್ತಿರುತ್ತಾರೆ. ಮೊದಲ ನಾಲ್ಕೈದು ವರ್ಷಕ್ಕೆ ಖಂಡಿತ ಸಾಕು. ಆದರೆ ಅದು ಸರಿಯಾದ ಕೋಲಾಗಿರಬೇಕು.

ನನ್ನ ಮೊದಲ ಕೋಲು ಸರಿಯಾದದ್ದಾಗಿರಲಿಲ್ಲ. ಊರಿನ ಕೆರೆಯಲ್ಲಿ ಬಿದಿರು ಕಡ್ಡಿಗೆ ದಾರ ಕಟ್ಟಿ ಎರೆಹುಳು ಚುಚ್ಚಿ ಬೆಳೆದವನಿಗೆ ಇಲ್ಲಿನ ಅಂಗಡಿಯ ಗೋಡೆ ತುಂಬ ನಿಂತಿದ್ದ ಕೋಲುಗಳನ್ನು ಕಂಡು ತಲೆ ತಿರುಗಿತ್ತು. ದಪ್ಪಗೆ, ಗಟ್ಟಿಯಾಗಿ ಇರುವುದೇ ಒಳ್ಳೆಯದೆಂದು ದೊಡ್ಡ ಕಾರ್ಪ್ ಹಿಡಿಯುವ ಕೋಲನ್ನೇ ಕೊಂಡೆ. ಇಡೀ ಬೇಸಿಗೆ ರೋಚ್ ಮೀನುಗಳು ಕಚ್ಚುತ್ತಿದ್ದವು, ತಪ್ಪಿಸಿಕೊಳ್ಳುತ್ತಿದ್ದವು. ಕೋಲು ಬಾಗದೆ ಇದ್ದುದರಿಂದ ಸಣ್ಣ ಬಾಯಿಗಳಿಂದ ಗಾಳ ಕಿತ್ತು ಬರುತ್ತಿತ್ತು. ಆ ಬಾಯಿಗಳಿಗೆ ಆದ ಗಾಯವನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ಅಂದಿನಿಂದ ಕೋಲನ್ನು ನಾನು ಅಳೆಯುವುದು ಅದು ಬಾಗುವ ಬಗೆಯಿಂದ.

ಏನೆಂದು ಕೇಳಬೇಕು?

ಅಂಗಡಿಯಲ್ಲಿ ‘ಏವನ್ ಕ್ವಿವರ್’ ಕೋಲು ತೋರಿಸಿ ಎನ್ನಿ. ಹ್ಯಾಂಪ್‌ಶೈರಿನ ಏವನ್ ನದಿಯಿಂದ ಬಂದ ಹೆಸರು ಇದು. ಏವನ್ ಎಂಬ ಪದಕ್ಕೆ ಹಳೆಯ ಬ್ರಿಟನ್ನಿನ ಭಾಷೆಯಲ್ಲಿ ‘ಹೊಳೆ’ ಎಂದೇ ಅರ್ಥ. ಉದ್ದ 11 ಅಥವಾ 12 ಅಡಿ ಇರಲಿ. ಇಕ್ಕೆಲದಲ್ಲಿ ಮರಗಳು ಬಾಗಿರುವ ಸಣ್ಣ ಹೊಳೆಗೆ 11 ಅಡಿ ಅನುಕೂಲ, ಬೆಂಡು ತೇಲಿಬಿಡುವುದೇ ಹೆಚ್ಚಾದರೆ 12 ಅಡಿ. ಈ ಕೋಲಿನ ಜೊತೆ ಎರಡು ತುದಿಭಾಗಗಳು ಸಿಗುತ್ತವೆ. ಒಂದು ಸಾಮಾನ್ಯ ತುದಿ, ಬೆಂಡಿನ ಕೆಲಸಕ್ಕೆ. ಇನ್ನೊಂದರ ಕೊನೆಗೆ ಸೂಜಿಯಷ್ಟು ತೆಳ್ಳಗಿನ ‘ಕ್ವಿವರ್’ ಕಡ್ಡಿಗಳನ್ನು ಸಿಕ್ಕಿಸಬಹುದು. ನೀರಿನ ತಳದಲ್ಲಿ ಮೀನು ಮುಟ್ಟಿದ್ದನ್ನು ಇವು ಅಲುಗಿ ತೋರಿಸುತ್ತವೆ. ಒಂದೇ ಬುಡಕ್ಕೆ ಎರಡು ತಲೆ ಇರುವುದರಿಂದಲೇ ಇದು ಕೆರೆಗೂ ಹೊಳೆಗೂ ಒದಗುತ್ತದೆ.

ಕೋಲಿನ ಮೇಲೆ ‘ಟೆಸ್ಟ್ ಕರ್ವ್’ ಎಂದು ಒಂದು ಅಂಕಿ ಬರೆದಿರುತ್ತದೆ. ಬುಡವನ್ನು ಬಿಗಿಯಾಗಿ ಹಿಡಿದು, ತುದಿಯು ಬುಡಕ್ಕೆ ಲಂಬಕೋನದಲ್ಲಿ ಬಾಗುವಂತೆ ಎಳೆಯಲು ಎಷ್ಟು ತೂಕ ಬೇಕು ಎಂಬುದೇ ಆ ಅಂಕಿ. ನಿಮಗೆ ಬೇಕಾದದ್ದು 1¼ ಪೌಂಡ್, ಎಂದರೆ ಸುಮಾರು 570 ಗ್ರಾಂ. ನಾನು ಕೊಂಡ ತಪ್ಪು ಕೋಲು 2¾ ಪೌಂಡಿನದು. ಈ ಅಂಕಿಯನ್ನು ಐದರಿಂದ ಗುಣಿಸಿದರೆ ಕೋಲಿಗೆ ಹೊಂದುವ ದಾರದ ಬಲ ಸಿಗುತ್ತದೆ ಎಂಬುದು ಹಳಬರ ಲೆಕ್ಕ. 1¼ ಪೌಂಡಿನ ಕೋಲಿಗೆ 6 ಪೌಂಡ್ ತಾಳುವ ದಾರ. ಈ ಲೆಕ್ಕ ನನಗೆ ಈವರೆಗೆ ಕೈಕೊಟ್ಟಿಲ್ಲ.

ಕೊಳ್ಳುವ ಮುನ್ನ ಕೋಲನ್ನು ಗಾಳಿಯಲ್ಲಿ ಬೀಸಿ ನೋಡಿದರೆ ಏನೂ ತಿಳಿಯದು. ರೀಲ್ ಕೂಡಿಸಿ, ಎಲ್ಲ ಉಂಗುರಗಳಲ್ಲಿ ದಾರ ಪೋಣಿಸಿ, ಅದರ ಕೊನೆಯನ್ನು ಅಂಗಡಿಯವರ ಕೈಗೆ ಕೊಟ್ಟು ನಿಧಾನವಾಗಿ ಎತ್ತಿ. ಮೊದಲು ತುದಿ ಬಾಗಬೇಕು, ಭಾರ ಹೆಚ್ಚಿದಂತೆ ನಡು, ಕೊನೆಗೆ ಹಿಡಿಯ ಹತ್ತಿರದವರೆಗೂ ಬಾಗು ಇಳಿದು ಬರಬೇಕು. ನಡುವೆ ಎಲ್ಲಿಯೂ ಮುರಿದಂತೆ ಕೋನ ಕಾಣಬಾರದು, ದಾರವೂ ಕೋಲಿಗೆ ಉಜ್ಜಿಕೊಳ್ಳಬಾರದು. ಬಳಸಿದ ಕೋಲು ಕೊಳ್ಳುವುದಾದರೆ ಪ್ರತಿ ಉಂಗುರದ ಒಳಗೂ ಒಂದು ಚೂರು ಹತ್ತಿ ತೂರಿಸಿ ಎಳೆಯಿರಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ ಎಂದರ್ಥ, ಆ ಬಿರುಕು ದಾರವನ್ನು ಕೊಯ್ಯುತ್ತದೆ.

ರೀಲ್ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. 2500 ಅಥವಾ 3000 ಅಳತೆಯ ಸಾಮಾನ್ಯ ಫಿಕ್ಸೆಡ್ ಸ್ಪೂಲ್ ರೀಲ್ ಸಾಕು. ಮೀನು ಜೋರಾಗಿ ಎಳೆದಾಗ ದಾರ ಬಿಡುವ ಕ್ಲಚ್ ಮಾತ್ರ ನಯವಾಗಿ ಬಿಟ್ಟುಕೊಡಬೇಕು. ಗಾಳ ಕಟ್ಟುವ ಕೊನೆಯ ತುಂಡು ದಾರ ಮುಖ್ಯ ದಾರಕ್ಕಿಂತ ದುರ್ಬಲವಾಗಿರಲಿ. ಕಿತ್ತರೆ ಅದೊಂದೇ ಕಿತ್ತುಹೋಗಲಿ, ಬೆಂಡನ್ನೂ ಉದ್ದ ದಾರವನ್ನೂ ಮೀನು ಎಳೆದುಕೊಂಡು ಅಲೆಯುವಂತಾಗಬಾರದು.

ಕೆರೆಯಲ್ಲಿ ಬೆಂಡು

ನಿಂತ ನೀರಿಗೆ ಸಾಮಾನ್ಯ ತುದಿ ಹಾಕಿ, ಬುಡದಲ್ಲಿ ಮಾತ್ರ ದಾರಕ್ಕೆ ಸಿಕ್ಕುವ ‘ವ್ಯಾಗ್ಲರ್’ ಬೆಂಡು ಕಟ್ಟಿ. ಭಾರಕ್ಕಾಗಿ ದಾರಕ್ಕೆ ಒತ್ತಿ ಕೂರಿಸುವ ಸಣ್ಣ ಗುಂಡುಗಳಲ್ಲಿ ಹೆಚ್ಚಿನವನ್ನು ಬೆಂಡಿನ ಎರಡೂ ಬದಿಗೆ ಒತ್ತಿ, ಒಂದೆರಡು ಸಣ್ಣವನ್ನು ಗಾಳದ ಕಡೆಗೆ ಬಿಡಿ. ನಂತರ ಆಳ ಅಳೆಯಿರಿ. ಬಹಳ ಜನ ಈ ಕೆಲಸವನ್ನು ಬಿಟ್ಟುಬಿಡುತ್ತಾರೆ, ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ. ಗಾಳಕ್ಕೆ ಭಾರವೊಂದನ್ನು ಸಿಕ್ಕಿಸಿ ಎಸೆಯಿರಿ. ಬೆಂಡು ಪೂರ್ತಿ ಮುಳುಗಿದರೆ ಅದನ್ನು ಮೇಲಕ್ಕೆ ಸರಿಸಿ, ಹೆಚ್ಚು ಎದ್ದು ನಿಂತರೆ ಅಥವಾ ಮಲಗಿದರೆ ಕೆಳಕ್ಕೆ. ತುದಿ ಮಾತ್ರ ಕಂಡಾಗ ನೀರಿನ ಆಳ ನಿಮ್ಮ ಕೈಗೆ ಸಿಕ್ಕಂತೆ. ಟೆಂಚ್ ಮತ್ತು ಬ್ರೀಮ್ ತಳದಲ್ಲೇ ಮೇಯುತ್ತವೆ. ಎಸೆದ ಮೇಲೆ ಕೋಲಿನ ತುದಿಯನ್ನು ನೀರಿನೊಳಗೆ ಅದ್ದಿ ರೀಲನ್ನು ಎರಡು ಸುತ್ತು ತಿರುಗಿಸಿ. ದಾರ ಮುಳುಗಿದರೆ ಗಾಳಿ ಬೆಂಡನ್ನು ಎಳೆದೊಯ್ಯುವುದಿಲ್ಲ. ಒಂದು ಕಾಳು ಸ್ವೀಟ್ ಕಾರ್ನ್ ಚುಚ್ಚಿ, ಸುತ್ತ ಏಳೆಂಟು ಕಾಳು ಎರಚಿ. ಒಮ್ಮೆಗೇ ಹಿಡಿ ಹಿಡಿ ಎರಚಿದರೆ ಮೀನಿನ ಹೊಟ್ಟೆ ತುಂಬುತ್ತದೆ.

ಹೊಳೆಯಲ್ಲಿ ಕ್ವಿವರ್

ಈ ಕೋಲು ನನಗೆ ಹೆಚ್ಚು ಪ್ರಿಯವಾಗುವುದು ಹೊಳೆಯಲ್ಲಿ. ರೆಡಿಂಗ್ ಊರಿನಲ್ಲಿ ಥೇಮ್ಸ್ ಸೇರುವ ಕೆನೆಟ್ ನದಿಯಲ್ಲಿ ಚಬ್ ಇವೆ, ಬಾರ್ಬೆಲ್ ಇವೆ. ಬಾರ್ಬೆಲ್ ನಮ್ಮ ಕಾವೇರಿಯ ಬಿಳಿಮೀನಿನ, ಎಂದರೆ ಮಹಶೀರ್‌ನ, ದೂರದ ನೆಂಟ. ಬಾಯಿಯ ಬಳಿ ಅವೇ ನಾಲ್ಕು ಮೀಸೆ, ಹರಿವಿಗೆ ಎದೆಯೊಡ್ಡುವ ಅದೇ ಹಟ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಅಂಥದ್ದಕ್ಕೆ ಈ ಕೋಲು ಸಾಲದು, ಆದರೆ ಐದಾರು ಪೌಂಡಿನ ಬಾರ್ಬೆಲ್‌ಗೆ ಸಾಲುತ್ತದೆ.

ಕ್ವಿವರ್ ಕಡ್ಡಿಗಳ ಮೇಲೆ 1, 2, 3 ಔನ್ಸ್ ಎಂದು ಬರೆದಿರುತ್ತದೆ, ಅಂಕಿ ದೊಡ್ಡದಾದಷ್ಟು ಕಡ್ಡಿ ಗಟ್ಟಿ. ಹರಿವು ಕಡ್ಡಿಯನ್ನು ತುಸುವೇ ಬಾಗಿಸಬೇಕು, ಪೂರ್ತಿ ಬಗ್ಗಿಸಿದರೆ ಗಟ್ಟಿಯಾದದ್ದಕ್ಕೆ ಬದಲಿಸಿ. ತಳದಲ್ಲಿ ಭಾರ ನಿಂತ ಮೇಲೆ ಕೋಲನ್ನು ಆಸರೆಯ ಮೇಲೆ ಎತ್ತರಿಸಿ ಇಡಿ. ದಾರ ಎಷ್ಟು ಕಡಿಮೆ ನೀರಿನಲ್ಲಿದ್ದರೆ ಅಷ್ಟು ಕಡಿಮೆ ಎಳೆತ. ಆಮೇಲೆ ಕಡ್ಡಿಯನ್ನು ಬಿಟ್ಟು ಬೇರೇನನ್ನೂ ನೋಡಬೇಡಿ. ಚಬ್ ಮೊದಲು ಎರಡು ಬಾರಿ ತಟ್ಟಿ ನೋಡಿ ನಂತರ ಎಳೆಯುತ್ತದೆ. ತಟ್ಟಿದ್ದಕ್ಕೆ ಅವಸರಪಟ್ಟರೆ ಕಳೆದುಕೊಳ್ಳುತ್ತೀರಿ. ಬಾರ್ಬೆಲ್ ಬಂದರೆ ಕೋಲೇ ಆಸರೆಯಿಂದ ಹಾರೀತು, ಅದಕ್ಕೇ ಕೈ ಹಿಡಿಯ ಮೇಲಿರಲಿ. ಕೆಲವೊಮ್ಮೆ ಬಾಗಿದ ಕಡ್ಡಿ ಇದ್ದಕ್ಕಿದ್ದಂತೆ ನೆಟ್ಟಗಾಗುತ್ತದೆ. ಮೀನು ಭಾರವನ್ನೆತ್ತಿಕೊಂಡು ನಿಮ್ಮ ಕಡೆಗೇ ಬರುತ್ತಿದೆ ಎಂದು ಅದರ ಅರ್ಥ. ಆಗ ಸಡಿಲ ದಾರವನ್ನು ಬೇಗ ಸುತ್ತಿಕೊಳ್ಳಿ.

ಮೀನು ಸಿಕ್ಕಿತೆಂದರೆ ಕೋಲು ಬಾಗಲಿ, ಬಿಡಿ. ಆ ಬಾಗೇ ಮೀನನ್ನು ದಣಿಸುತ್ತದೆ, ದಾರವನ್ನು ಉಳಿಸುತ್ತದೆ. ಕೋಲನ್ನು ತಲೆಯ ಹಿಂದಕ್ಕೆ ಎಳೆಯಬೇಡಿ, ತುದಿ ಮುರಿಯುವುದು ಬಹುಪಾಲು ಹಾಗೆಯೇ. ಮೀನು ಬೇರುಗಳ ಕಡೆಗೆ ನುಗ್ಗಿದರೆ ಕೋಲನ್ನು ಪಕ್ಕಕ್ಕೆ ಅಡ್ಡಲಾಗಿ ಇಳಿಸಿ ಎಳೆಯಿರಿ, ಅದರ ತಲೆ ತಿರುಗುತ್ತದೆ. ಪೈಕ್ ಮೀನಿಗೆ ಮಾತ್ರ ಈ ಕೋಲನ್ನು ಹಿಡಿದು ಹೊರಡಬೇಡಿ. ಅದರ ಹಲ್ಲಿಗೆ ತಂತಿ ಬೇಕು, ಅದರ ತೂಕಕ್ಕೆ ಬೇರೆ ಕೋಲೇ ಬೇಕು.

ನೀರಿಗೆ ಇಳಿಯುವ ಮೊದಲು

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 13 ವರ್ಷ ತುಂಬಿದ ಪ್ರತಿಯೊಬ್ಬರಿಗೂ ರಾಡ್ ಲೈಸೆನ್ಸ್ ಬೇಕು. 16ರವರೆಗಿನವರಿಗೆ ಅದು ಉಚಿತ. ಇದಲ್ಲದೆ ಆ ನೀರಿನ ಮಾಲೀಕರ ಅಥವಾ ಕ್ಲಬ್ಬಿನ ಅನುಮತಿಯೂ ಬೇಕು. ನಮ್ಮಲ್ಲಿ ಗಾಳ ಹಾಕುವುದು ಸಾರಿಗಾಗಿ. ಇಲ್ಲಿ ಕೋರ್ಸ್ ಮೀನನ್ನು ಹಿಡಿದವರು ಬಹುತೇಕ ಮತ್ತೆ ನೀರಿಗೇ ಬಿಡುತ್ತಾರೆ, ಮನೆಗೆ ಒಯ್ಯಲು ಕಟ್ಟುನಿಟ್ಟಾದ ಮಿತಿಗಳಿವೆ. ಮುಳ್ಳಿಲ್ಲದ ಗಾಳ, ಗಂಟಿಲ್ಲದ ನೂಲಿನ ಬಲೆ, ಮೀನನ್ನು ಮಲಗಿಸಲು ಒದ್ದೆ ಚಾಪೆ ಜೊತೆಗಿರಲಿ. ಕೈ ಒದ್ದೆ ಮಾಡಿಕೊಂಡೇ ಮೀನನ್ನು ಮುಟ್ಟಿ. ಒಣಕೈ ತಾಗಿದರೆ ಮೈಯ ಲೋಳೆ ಕಿತ್ತು ಬರುತ್ತದೆ. ಬಾರ್ಬೆಲ್ ವಿಪರೀತ ದಣಿದಿರುತ್ತದೆ, ಹರಿವಿಗೆ ತಲೆ ಮಾಡಿ ನೀರಿನಲ್ಲೇ ಹಿಡಿದುಕೊಂಡಿರಿ, ತಾನಾಗಿ ಒದ್ದು ಹೋಗುವವರೆಗೆ. ಹಳೆಯ ಡಬ್ಬಿಯಲ್ಲಿ ಸೀಸದ ಗುಂಡು ಸಿಕ್ಕರೆ ಬಳಸಬೇಡಿ. ಅವನ್ನು ನುಂಗಿ ಹಂಸಗಳು ಸಾಯುತ್ತಿದ್ದುದರಿಂದ 1987ರಲ್ಲೇ ಅವುಗಳ ಮಾರಾಟ ನಿಂತಿದೆ.

ಇನ್ನೊಂದು ವಿಷಯ, ಇದರಲ್ಲಿ ಉದಾಸೀನ ಬೇಡವೇ ಬೇಡ. ಇಂದಿನ ಕೋಲುಗಳು ಕಾರ್ಬನ್ನಿನವು, ವಿದ್ಯುತ್ ಹರಿಸುತ್ತವೆ. ತಲೆಯ ಮೇಲೆ ವಿದ್ಯುತ್ ತಂತಿ ಇರುವ ಕಡೆ 30 ಮೀಟರ್ ಒಳಗೆ ಗಾಳ ಹಾಕಬೇಡಿ, ಜೋಡಿಸಿದ ಕೋಲನ್ನು ಹೊತ್ತು ಅದರ ಕೆಳಗೆ ನಡೆಯಲೂ ಬೇಡಿ. ಗುಡುಗು ಕೇಳಿದರೆ ಕೋಲನ್ನು ನೆಲದ ಮೇಲಿಟ್ಟು ದೂರ ಹೋಗಿ. ಮನೆಗೆ ಬಂದ ಮೇಲೆ ಕೋಲನ್ನು ಒರೆಸಿ, ಚೀಲದ ಹೊರಗೇ ಒಂದು ರಾತ್ರಿ ಒಣಗಲು ಬಿಡಿ. ಒಂದರೊಳಗೊಂದು ಕೂರುವ ತುದಿಗೆ ಮೇಣದಬತ್ತಿಯನ್ನು ತುಸು ಉಜ್ಜಿದರೆ ಮುಂದಿನ ವಾರ ಬಿಚ್ಚುವಾಗ ಅದು ಬಿಗಿದುಕೊಂಡಿರುವುದಿಲ್ಲ.