ರಾತ್ರಿ ಪಂಜರದಾಗ ಯಾಕ ಗದ್ದಲ? ಸಾಕಿದ ಹಕ್ಕಿ ನಿಶ್ಚಿಂತಿಲೆ ಮಲಗಬೇಕಂದ್ರ ಹಿಂಗ ಮಾಡ್ರಿ

ರಾತ್ರಿ 2 ಗಂಟೆಕ್ಕ ಕರೆಂಟ್ ಹೋತು. ಫ್ಯಾನ್ ನಿಂತು ಎಲ್ಲಾರೂ ಎದ್ದು ಕುಂತ್ವಿ, ಕೊಪ್ಪಳದ ಬ್ಯಾಸಿಗಿಯಾಗ ಅದೇನ್ ಹೊಸಾದಲ್ಲ ಬಿಡ್ರಿ, ಆದ್ರ ಕತ್ತಲಾಗ ಯಾರೋ ಟ್ಯೂಬ್‌ಲೈಟ್ ಬಟನ್ ಒತ್ತಿ ಹಂಗ ಬಿಟ್ಟಿದ್ರು, ಸ್ವಲ್ಪ ಹೊತ್ತಿಗೆ ಕರೆಂಟ್ ಬಂದಾಗ ಅದು ಪಕಪಕ ಅಂತ ಹತ್ತಿಕೊಳ್ಳೋದಕ್ಕೂ ಫ್ರಿಜ್ ಗುರ್ರ್ ಅನ್ನೋದಕ್ಕೂ ನಮ್ಮ ಕಾಕಟೀಲ್ (ತಲಿ ಮ್ಯಾಲ ಜುಟ್ಟಿರೋ ಸಣ್ಣ ಗಿಳಿ) ಪಂಜರದಾಗ ಹುಚ್ಚೆದ್ದಂಗ ಬಡಕೊಳ್ಳಾಕ ಶುರು ಮಾಡ್ತು. ಮ್ಯಾಲ ಹೊಚ್ಚಿದ್ದ ದಪ್ಪನ ಚಾದರ ತಗದು ನೋಡಿದ್ರ ರೆಕ್ಕಿ ಹತ್ರ ರಕ್ತ. ನಮ್ಮತ್ತಿ ಅಂದ್ರು, "ಅದಕೇನೋ ಕಂಡೈತಿ, ಪಂಜರಕ್ಕೊಂದು ನಿಂಬಿಹಣ್ಣು ಕಟ್ಟವ್ವ."

ಕಂಡಿದ್ದಕ್ಕಲ್ಲರೀ ಅತ್ತಿ, ಏನೂ ಕಾಣಲಾರದ್ದಕ್ಕ ಹಂಗಾಗಿದ್ದು. ಕಾಕಟೀಲ್, ಬಜ್ಜಿ (ಇದೂ ಒಂದು ಸಣ್ಣ ಗಿಳಿ, ನಮ್ಮ ಕಡಿ ಇದನ್ನ ಎಲ್ಲಾರೂ ಲವ್ ಬರ್ಡ್ಸ್ ಅಂತಾರ), ಗುಬ್ಬಿಯಂಥ ಫಿಂಚ್ ಇವೆಲ್ಲ ಹಗಲಿನ ಹಕ್ಕಿ, ಕತ್ತಲಾಗ ಇವಕ್ಕ ಸರಿಯಾಗಿ ಕಾಣಂಗಿಲ್ಲ. ಅಡವ್ಯಾಗ ಇದ್ರ ಹೆದರಿದ ಕೂಡ್ಲೆ ಪುರ್ ಅಂತ ಹಾರಿ ಹೋಗಿಬಿಡ್ತಿದ್ವು, ಪಂಜರದಾಗ ಹಾರಿದ್ರ ತಂತಿಗೆ ಬಡೀತಾವ, ಬಡದದ್ದಕ್ಕ ಇನ್ನೂ ಹೆದರ್ತಾವ. ಕಾಕಟೀಲ್‌ಗೆ ಈ ಕಾಟ ಎಲ್ಲಕ್ಕಿಂತ ಜಾಸ್ತಿ. ಬಜ್ಜಿ ಹತ್ತು ಇದ್ರ ಒಂದು ಶುರು ಮಾಡಿದ್ರ ಸಾಕು, ಉಳಿದ ಒಂಬತ್ತೂ ಹಿಂದ ಬೀಳ್ತಾವ.

ಅದಕ್ಕ ಮೊದಲ ಮಾಡಬೇಕಾದ ಕೆಲಸ ಅಂದ್ರ ಸಣ್ಣ ಲೈಟು. ಹಕ್ಕಿ ಕೊಟ್ಟ ಅಂಗಡಿಯವ "ರಾತ್ರಿ ಫುಲ್ ಮುಚ್ಚಿಬಿಡ್ರಿ, ಆರಾಮ್ ಮಲಗ್ತೈತಿ" ಅಂದಿದ್ದ, ಅದನ್ನ ಕೇಳೇ ನಾನು ಚಾದರ ಹೊಚ್ಚಿದ್ದು. ಈಗ ಒಂದು ಝೀರೋ ಬಲ್ಬ್ ಹಾಕೇನಿ, ಪಂಜರದಿಂದ ಸ್ವಲ್ಪ ದೂರ, ಹಕ್ಕಿಗೆ ತನ್ನ ಕೋಲು ಎಲ್ಲೈತಿ ಅಂತ ಕಾಣೋವಷ್ಟು ಬೆಳಕು ಸಾಕು. ಬಣ್ಣ ಬಣ್ಣ ಮಿಣುಕೋವು ಬ್ಯಾಡ. ಮತ್ತ ಅದನ್ನ ಇನ್ವರ್ಟರ್ ಲೈನಿಗೆ ಹಾಕ್ರಿ, ಇಲ್ಲಾಂದ್ರ ಚಾರ್ಜಿಂಗ್ ಲೈಟ್ ಇಡ್ರಿ, ಕರೆಂಟ್ ಹೋದಾಗ ಆರೋ ಲೈಟ್ ಇದ್ರೆಷ್ಟು ಬಿಟ್ರೆಷ್ಟು. ಮಲಗೋಕಿಂತ ಮುಂಚೆ ಉಳಿದ ಬಟನ್ ಎಲ್ಲಾ ಆಫ್ ಅದಾವಿಲ್ಲ ನೋಡ್ರಿ, ನಾನು ಕಲಿತ ಪಾಠ ಇದು.

ಆಮ್ಯಾಲ ಬಟ್ಟಿ ವಿಷಯ. ಹೊಚ್ಚಲೇಬೇಕು ಅಂತ ಎಲ್ಲೂ ಇಲ್ಲ. ಹೊಚ್ಚಿದ್ರ ತೆಳ್ಳನ ಕಾಟನ್, ಹಳೇ ಧೋತ್ರ ಆದ್ರ ಭಾಳ ಚಲೋ, ಮೂರು ಕಡಿ ಮುಚ್ಚಿ ಮುಂದಿಂದು ತೆರದು ಬಿಡ್ರಿ. ದಾರ ಬಿಚ್ಚಿಕೊಂಡಿರೋ ಬಟ್ಟಿ ಬ್ಯಾಡ, ಉಗುರು ಸಿಕ್ಕೊಂಡು ಕಾಲು ತಿರುವಿಕೊಂತಾವ. ಇನ್ನ ಏಪ್ರಿಲ್, ಮೇದಾಗ ಅಂತೂ ಬಟ್ಟಿ ಮುಟ್ಟಲೇಬ್ಯಾಡ್ರಿ. ಹಕ್ಕಿಗೆ ಬೆವರು ಬರಂಗಿಲ್ಲ, ಶೆಕಿ ಆದ್ರ ಬಾಯಿ ತೆರದು ತೇಕ್ತಾವ, ರೆಕ್ಕಿ ಮೈಯಿಂದ ದೂರ ಮಾಡಿ ನಿಲ್ತಾವ, ಹಂಗ ಕಂಡ್ರ ತಕ್ಷಣ ತಂಪು ಜಾಗಕ್ಕ ಒಯ್ಯಬೇಕು. ನಮ್ಮ ಕಡಿ ಸ್ಲ್ಯಾಬಿನ ಮನಿ ಹಗಲೆಲ್ಲ ಕಾದು ರಾತ್ರಿ ಆ ಕಾವು ಒಳಗ ಬಿಡ್ತಾವ, ಅದಕ್ಕ ಛತ್ತಿನ ಹುಕ್ಕಿಗೆ ತೂಗಬಿಟ್ಟ ಪಂಜರ ಅಂದ್ರ ಕೋಣಿಯಾಗಿನ ಅತೀ ಶೆಕಿ ಇರೋ ಜಾಗದಾಗ ಹಕ್ಕಿ ಇಟ್ಟಂಗ. ಬ್ಯಾಸಿಗಿಯಾಗ ಎದಿ ಮಟ್ಟಕ್ಕ ಇಳಿಸಿ ಸ್ಟೂಲ್ ಮ್ಯಾಲ ಇಡ್ರಿ. ಕೂಲರ್ ಗಾಳಿ ನೆಟ್ಟಗ ಮೈಮ್ಯಾಲ ಬೀಳಬಾರದು, ಕೋಣಿ ತಂಪಾದ್ರ ಸಾಕು.

ಮನಿಮಂದೆಲ್ಲ ಮಾಳಿಗಿ ಮ್ಯಾಲ ಮಲಗಾಕ ಹೋಗೋರು ಇದ್ರ ಇಲ್ಲಿ ಕೇಳ್ರಿ. ಕೆಳಗ ಕಿಟಕಿ ಬಾಗಲ ಎಲ್ಲಾ ಜಡದು ಹಕ್ಕಿನ ಒಳಗ ಬಿಟ್ಟು ಹೋಗಬ್ಯಾಡ್ರಿ, ಹಂಗಂತ ಪಂಜರ ಮಾಳಿಗಿಗೂ ಒಯ್ಯಬ್ಯಾಡ್ರಿ. ಬೇವಿನ ಗಿಡದಾಗಿನ ಗೂಗಿ ಒಂದ್ಸಲ ಕೂಗಿದ್ರ ಸಾಕು, ಬೆಕ್ಕು ಬ್ಯಾರೆ ಗ್ವಾಡಿ ಮ್ಯಾಲೆ ಅಡ್ಡಾಡ್ತಿರ್ತಾವ. ಜಾಳಗಿ ಇರೋ ಕಿಟಕಿ ತೆರದು, ಎರಡು ಗ್ವಾಡಿ ಕೂಡೋ ಮೂಲ್ಯಾಗ ಪಂಜರ ಇಡ್ರಿ, ಎರಡು ಕಡಿ ಗ್ವಾಡಿ ಇದ್ರ ಹಕ್ಕಿಗೂ ಧೈರ್ಯ. ಗಾಡಿ ಲೈಟ್ ಬೀಳೋ ರಸ್ತಿ ಕಿಟಕಿ ಮಾತ್ರ ಬ್ಯಾಡ. ಸಂಜಿಕ ಚೆಲ್ಲಿದ ನವಣಿ, ಸಜ್ಜಿ ಕಾಳು ಕಸಬರಿಗಿ ಹಚ್ಚಿ ತಗೀರಿ, ಇಲ್ಲಾಂದ್ರ ಇಲಿ ಬರ್ತಾವ, ಇಲಿ ಬಂದ್ರ ಹಕ್ಕಿ ಎಲ್ಲಿ ಮಲಗಬೇಕು.

ಅಡಗಿ ಮನ್ಯಾಗ ಪಂಜರ ಇಡಲೇಬ್ಯಾಡ್ರಿ. ನಾನ್‌ಸ್ಟಿಕ್ ತವಾ ವಿಪರೀತ ಕಾದ್ರ ಅದರ ಹೊಗಿಗೆ ಹಕ್ಕಿ ನಿಮಿಷದಾಗ ಸಾಯಬಹುದು, ನಮಗ ವಾಸನಿ ಸೈತ ಗೊತ್ತಾಗಿರಂಗಿಲ್ಲ. ಸೊಳ್ಳಿ ಬತ್ತಿ, ಲೋಬಾನ, ಊದಿನಕಡ್ಡಿ ಇವೂ ಹಕ್ಕಿ ಮಲಗೋ ಕೋಣಿಯಾಗ ಬ್ಯಾಡ, ಅವುಗಳ ಉಸಿರಾಟ ಭಾಳ ಸೂಕ್ಷ್ಮ. ಹಂಗಂತ ಸೊಳ್ಳಿಗೆ ಬಿಟ್ಟುಬಿಡಾಕೂ ಆಗಂಗಿಲ್ಲ, ಸೊಳ್ಳಿಯಿಂದ ಹಕ್ಕಿಗೆ ಸಿಡುಬು ರೋಗ ಬರ್ತೈತಿ, ಪುಕ್ಕ ಇಲ್ಲದ ಕಾಲಿಗೆ, ಕಣ್ಣಿನ ಸುತ್ತ ಗುಳ್ಳಿ ಏಳ್ತಾವ. ಉಪಾಯ ಏನಂದ್ರ ಸೊಳ್ಳಿಪರದಿ. ತಂತಿಯಿಂದ ನಾಕು ಬೆರಳು ದೂರ ಇರೋ ಹಂಗ ಇಳಿಬಿಡ್ರಿ, ಚುಂಚು ತಾಗಿದ್ರ ಒಂದೇ ರಾತ್ರ್ಯಾಗ ಕಚ್ಚಿ ಹರೀತಾವ.

ಟೈಮಿನ ಮಾತು. ಇವಕ್ಕ 10ರಿಂದ 12 ತಾಸು ನಿದ್ದಿ ಬೇಕು, ದಿನಾ ಒಂದೇ ಹೊತ್ತಿಗೆ. ನಾವು 11ರ ತನಕ ಟೀವಿ ನೋಡ್ತೀವಿ, ಅದೂ ಕಣ್ಣು ಬಿಟಗೊಂಡು ಕುಂದರತೈತಿ, ನಾವು ಅದಕ್ಕೂ ಟೀವಿ ಇಷ್ಟ ಅನಕೋತೀವಿ. ನಿದ್ದಿ ಕಡಿಮಿ ಆದ್ರ ಚೀರ್ತಾವ, ಕಚ್ತಾವ, ಪುಕ್ಕ ಕಿತ್ಕೊಳ್ಳೋದೂ ಉಂಟು. ಬೆಳಕು ಭಾಳ ಹೊತ್ತು ಇದ್ರ ಮರಿ ಮಾಡೋ ಕಾಲ ಬಂತು ಅಂತ ಮೈ ತಿಳ್ಕೊಂತೈತಿ, ಹೆಣ್ಣು ಒಂದಾದ ಮ್ಯಾಲೊಂದು ತತ್ತಿ ಇಟ್ಟು ಸೊರಗ್ತೈತಿ. ಬಜ್ಜಿ ಪಂಜರದಾಗ ತೂತಿನ ಮಡಿಕಿ ಕಟ್ಟಿರ್ತೀವಲ್ಲ, ಅದು ಮಲಗೋ ಕೋಣಿ ಅಲ್ರೀ, ಬಾಣಂತಿ ಕೋಣಿ. ತತ್ತಿ ಬ್ಯಾಡಾದ್ರ ಮಡಿಕಿ ತಗೀರಿ, ಅವು ಕೋಲಿನ ಮ್ಯಾಲೇ ಮಲಗ್ತಾವ.

ಕೋಲು ಅಂದ್ರ ಪಂಜರದ ಜೊತಿ ಬರೋ ನುಣುಪಾದ ಪ್ಲಾಸ್ಟಿಕ್ ಕಡ್ಡಿ ಅಲ್ಲ. ಹಕ್ಕಿ ಕಾಲು ಮಡಚಿ ಕುಂತು ಕೋಲಿನ ಮ್ಯಾಲೇ ನಿದ್ದಿ ಮಾಡ್ತಾವ, ಅದಕ್ಕ ಹಿಡಿಯಾಕ ಕೋಲು ಒರಟಿರಬೇಕು. ಔಷಧ ಹೊಡೀಲಾರದ ಬೇವಿನ ಕೊಂಬಿ ತಂದು ತೊಳದು ಒಣಗಿಸಿ ಹಾಕ್ರಿ. ಬೆರಳು ಪೂರಾ ಸುತ್ತಬಾರದು, ಸ್ವಲ್ಪ ಗ್ಯಾಪ್ ಉಳಿಬೇಕು. ಎಲ್ಲಕ್ಕಿಂತ ಮ್ಯಾಲಿನ ಕೋಲಿಗೇ ಮಲಗಾಕ ಹೋಗ್ತಾವ, ಅದರ ಆಜೂಬಾಜು ಗಂಟಿ, ಕನ್ನಡಿ, ಉಯ್ಯಾಲಿ ಇದ್ರ ರಾತ್ರಿ ತಗದು ಬಿಡ್ರಿ.

ಹಬ್ಬದ ರಾತ್ರಿ ಬ್ಯಾರೆ ಲೆಕ್ಕ. ದೀಪಾವಳಿ ಪಟಾಕಿ, ಮೊಹರಂ ಹಲಗಿ, ಗಣಪತಿ ಮುಂದ ಡಿಜೆ, ಜನವರಿಯಾಗ ನಮ್ಮೂರ ಗವಿಮಠದ ಅಜ್ಜನ ಜಾತ್ರಿಗೆ ಬಂದ ಬೀಗರು ಹಾಲಿನಾಗ ರಾತ್ರಿ ಒಂದರ ತನಕ ಹರಟಿ ಹೊಡೆಯೋದು. ಅವತ್ತು ಪಂಜರ ಒಳಗಿನ ಕೋಣಿಗೆ ಒಯ್ಯಿರಿ, ಫ್ಯಾನೋ ರೇಡಿಯೋನೋ ಸಣ್ಣಗೆ ಹಚ್ಚಿ ಬಿಡ್ರಿ. ಒಂದೇ ಸಮ ಬರೋ ಸಪ್ಪಳಕ್ಕ ಹಕ್ಕಿ ಹೊಂದಿಕೊಂತೈತಿ, ನಮ್ಮ ಮನಿ ಹಿಂದಿನ ರೈಲಿಗೆ ನಮ್ಮದು ಕಣ್ಣು ಸೈತ ತೆರೆಯಂಗಿಲ್ಲ, ಆದ್ರ ಸ್ಟೀಲ್ ಪ್ಲೇಟ್ ಬಿದ್ರ ಹಾರ್ತೈತಿ.

ಇಷ್ಟಾಗಿಯೂ ಬಡಕೊಂಡ್ರ? ಓಡಿ ಹೋಗಿ ಮೊಬೈಲ್ ಟಾರ್ಚ್ ಮಾರಿ ಮ್ಯಾಲ ಬಿಡಬ್ಯಾಡ್ರಿ. ದೂರದಿಂದ ಸಣ್ಣ ದನಿಲೆ ಅದರ ಹೆಸರು ಕರೀರಿ, ದನಿ ಗುರುತು ಹತ್ತಿದ ಮ್ಯಾಲ ಲೈಟ್ ಹಾಕ್ರಿ, ಕೈ ಒಳಗ ಹಾಕಬ್ಯಾಡ್ರಿ. ಶಾಂತ ಆದ ಮ್ಯಾಲ ರೆಕ್ಕಿ, ಬಾಲ, ಕಾಲು ನೋಡ್ರಿ. ಹೊಸಾದಾಗಿ ಬರೋ ಪುಕ್ಕದ ಕಾಂಡದಾಗ ರಕ್ತ ಹರೀತಿರ್ತೈತಿ, ಅದು ಮುರದ್ರ ನಲ್ಲಿ ಬಿಟ್ಟಂಗ ಸೋರ್ತೈತಿ. ಟವೆಲ್‌ನಾಗ ಸಡ್ಲಾಗಿ ಹಿಡದು, ಎದಿ ಒತ್ತಬ್ಯಾಡ್ರಿ ಮತ್ತ, ಕಾರ್ನ್‌ಫ್ಲೋರ್ ಹಚ್ಚಿ ಹತ್ತಿಲೆ ಎರಡು ಮೂರು ನಿಮಿಷ ಒತ್ತಿ ಹಿಡೀರಿ. ನಮ್ಮದು ಹಂಗೇ ನಿಂತಿತು. ನಿಲ್ಲಲಿಲ್ಲಂದ್ರ ಮುಂಜಾನಿ ತನಕ ಕಾಯಬ್ಯಾಡ್ರಿ, ಡಾಕ್ಟ್ರಿಗೆ ಫೋನ್ ಮಾಡ್ರಿ.

ಚಲೋ ನಿದ್ದಿ ಗುರುತು ಹೇಳತೀನಿ. ಮಲಗೋ ಮುಂದ ಚುಂಚು ಕರಕರ ಮಸೀತಾವ, ನಮ್ಮತ್ತಿ ಅದನ್ನ ಕೇಳಿ ಹಸದೈತಿ ಅಂತ ಕಾಳು ಹಾಕಾಕ ಹೋಗ್ತಿದ್ರು, ಅದು ಸಮಾಧಾನದ ಸಪ್ಪಳ. ಆಮ್ಯಾಲ ಒಂದು ಕಾಲು ಹೊಟ್ಟ್ಯಾಗ ಎಳ್ಕೊಂಡು, ತಲಿ ಹಿಂದಕ್ಕ ತಿರುವಿ ಬೆನ್ನಿನ ಪುಕ್ಕದಾಗ ಹುದುಗಿಸಿ ಮಲಗ್ತಾವ. ಹಗಲೂ ಮೈ ಉಬ್ಬಿಸ್ಕೊಂಡು ಪಂಜರದ ತಳದಾಗ ಕುಂತಿದ್ರ, ಉಸಿರಿಗೊಮ್ಮೆ ಬಾಲ ಮ್ಯಾಲ ಕೆಳಗ ಆಡ್ತಿದ್ರ ಅದು ನಿದ್ದಿ ಅಲ್ಲ, ಜಡ್ಡು. ಪಶು ಆಸ್ಪತ್ರಿಗೆ ಪಂಜರ ಸಮೇತ ಒಯ್ಯಿರಿ, ಹೊಲಸು ಕಾಣ್ತೈತಿ ಅಂತ ಕೆಳಗಿನ ಪೇಪರ್ ಬದಲಿ ಮಾಡಬ್ಯಾಡ್ರಿ, ಡಾಕ್ಟ್ರು ಮೊದಲ ನೋಡೋದು ಹಿಕ್ಕೀನೇ.