ಹಿಮದ ಊರಿಗೆ ಮನೆ ಬದಲಿಸುವ ಮುಂಚೆ

ಹಿಮ ಬೀಳುವ ಹಳ್ಳಿಯಲ್ಲಿ ನೆಲೆಸಬೇಕು, ಸ್ಕೀಯಿಂಗ್ ಮಾಡಬೇಕು ಅನ್ನುವವರಿಗೆ ಒಂದು ಮಾತು. ಹೊಸ ಹಿಮ ಬಿದ್ದ ವಾರದಲ್ಲಿ ಊರು ನೋಡಿ ಸುಮ್ನೆ ಮರುಳಾಗಬೇಡಿ. ಹಿಮ ಕರಗುವಾಗ ಇನ್ನೊಮ್ಮೆ ಹೋಗಿ. ಮಣ್ಣುರಸ್ತೆಯಲ್ಲಿ ಕಾರಿನ ಚಕ್ರ ಅರ್ಧ ಹೂತುಹೋಗುವ ಕೆಸರು ಆಗಲೇ ಕಾಣುವುದು.

ಎತ್ತರವನ್ನೂ ನೋಡಿ. 1000 ಮೀಟರ್ ಮೇಲೇರಿದರೆ ಸುಮಾರು 6 ಡಿಗ್ರಿ ಚಳಿ ಜಾಸ್ತಿ. ಕಣಿವೆಯಲ್ಲಿ ಮಳೆ ಸುರಿಯುವಾಗ ಮೇಲಿನ ಊರಲ್ಲಿ ಹಿಮ ಬೀಳುವುದು ಇದಕ್ಕೇ.

ನನ್ನ ಪ್ರಕಾರ ಮೊದಲು ಕೇಳಬೇಕಾದ್ದು, ರಸ್ತೆಯ ಹಿಮ ಯಾರು ತೆಗೆಯುತ್ತಾರೆ ಅಂತ. ಕೆಲವು ಒಳರಸ್ತೆಗಳಿಗೆ ಚಳಿಗಾಲವಿಡೀ ಯಂತ್ರ ಬರುವುದೇ ಇಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಮೊಣಕಾಲುದ್ದ ಹಿಮ, ಒಳಗೆ ಮಗುವಿಗೆ ಜ್ವರ, ಆಸ್ಪತ್ರೆ ಒಂದು ಗಂಟೆಯ ದಾರಿ. ಆಗ ಏನು ಮಾಡುತ್ತೀರಿ? ಕರೆಂಟ್ ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ, ಸೌದೆ ಒಲೆ ಇದೆಯಾ, ಪೈಪಿನಲ್ಲಿ ನೀರು ಹೆಪ್ಪುಗಟ್ಟುತ್ತದಾ ಅಂತ ಅಕ್ಕಪಕ್ಕದವರನ್ನೇ ವಿಚಾರಿಸಿ. ಅವರಷ್ಟು ಸರಿಯಾಗಿ ಬೇರೆ ಯಾರೂ ಹೇಳುವುದಿಲ್ಲ. ಹಿಮ ಜಾರಿ ಬೀಳುವ ಕಡಿದಾದ ಗುಡ್ಡದ ಬುಡದಲ್ಲಂತೂ ಮನೆ ಬೇಡವೇ ಬೇಡ.

ಕೊಳ್ಳುವ ಆತುರ ಬೇಡ. ಒಂದು ಪೂರ್ತಿ ಚಳಿಗಾಲ ಬಾಡಿಗೆಗೆ ಇದ್ದು ನೋಡಿ.