ಬ್ಯಾಟರಿಗೆ ಬೆಳಿಗ್ಗೆ ಉಪವಾಸ

ಕೊಡಗಿನ ನಾಪೋಕ್ಲು ಕಡೆ ನಮ್ಮ ಮನೆ. ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರ್‌ನಿಂದ, ಕಾಫಿ ತೋಟದೊಳಗೆ ಹಾದು ಬರುವ ಉದ್ದದ ಲೈನು, ಅದರ ತುದಿಯಲ್ಲಿ ನಾವು. ಸಂಜೆ ಏಳಕ್ಕೆ ಮಿಕ್ಸಿ ಹಾಕಿದರೆ ಅಳುತ್ತಿತ್ತು.

2024ರಲ್ಲಿ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆ, 78,000 ರೂಪಾಯಿ ಸಬ್ಸಿಡಿ ಬಂತು. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಸಿಲ್ವರ್ ಓಕ್ ಬಿದ್ದು ಕರೆಂಟು ಹೋದಾಗಲೇ ಗೊತ್ತಾಗಿದ್ದು, ಲೈನ್ ಹೋದರೆ ಲೈನಿಗೇ ಜೋಡಿಸಿದ ಆನ್‌ಗ್ರಿಡ್ ಇನ್ವರ್ಟರೂ ನಿಂತುಬಿಡುತ್ತದೆ ಅಂತ. ಅದು ಸರಿಯೇ, ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟು ಹೊಡೀಬಾರದು ಅಲ್ವಾ. ಆದರೆ ಹಾಕಿಸುವಾಗ ಯಾರೂ ಬಾಯಿ ಬಿಟ್ಟಿರಲಿಲ್ಲ. ಲೈನ್ ಇಲ್ಲದಾಗ ಬ್ಯಾಟರಿಯಿಂದ ಮನೆ ನಡೆಸುವ ಹೈಬ್ರಿಡ್ ಇನ್ವರ್ಟರ್‌ಗೆ ಬದಲಾಯಿಸಿ 5 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ ಕೂರಿಸಿದೆ.

ನಿಜವಾದ ತಲೆನೋವು ಆಮೇಲೆ. ಫೆಬ್ರವರಿಯ ಬಿಸಿಲಿಗೆ ದಿನಾ ಮಧ್ಯಾಹ್ನ ಇನ್ವರ್ಟರ್ ಟ್ರಿಪ್. ಸ್ಕ್ರೀನ್ ನೋಡಿದರೆ 258 ವೋಲ್ಟ್! ಪಕ್ಕದ ಎರಡು ಮನೆಯಲ್ಲೂ ಅಷ್ಟರಲ್ಲಿ ಸೋಲಾರ್ ಬಂದಿತ್ತು, ಒಂದರಲ್ಲಿ ಬ್ಯಾಟರಿಯೂ ಇತ್ತು. ಬ್ಯಾಟರಿ ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ಕುಡಿಯಲು ಶುರುಮಾಡಿ ಹನ್ನೊಂದಕ್ಕೆಲ್ಲ ಹೊಟ್ಟೆ ತುಂಬಿಸಿಕೊಂಡು ಕೂರುತ್ತದೆ, ಆಮೇಲೆ ಮೂರು ಮನೆಯ ನಡುಮಧ್ಯಾಹ್ನದ ಕರೆಂಟು ಒಟ್ಟಿಗೆ ಆ ತೆಳ್ಳಗಿನ ತಂತಿಗೆ ನುಗ್ಗುತ್ತದೆ. ವೋಲ್ಟೇಜು ಏರದೆ ಇನ್ನೇನು? ಅದೇ ತಂತಿಯಲ್ಲಿ ಸಂಜೆ 185 ವೋಲ್ಟ್.

ಹಾಗಾಗಿ ಸೆಟ್ಟಿಂಗ್ ತಿರುಗಿಸಿದೆವು. ಎರಡೂ ಬ್ಯಾಟರಿಗೆ ಹತ್ತೂವರೆವರೆಗೆ ಉಪವಾಸ, ಆಮೇಲೂ 1 ಕಿಲೋವ್ಯಾಟ್‌ಗಿಂತ ಜಾಸ್ತಿ ಎಳೆಯಬಾರದು. ಮೂರು ಗಂಟೆವರೆಗೂ ನಿಧಾನಕ್ಕೆ ತುಂಬುತ್ತದೆ. ಸಂಜೆ ಆರೂವರೆಯಿಂದ ಒಂಬತ್ತೂವರೆ ಮನೆ ನಡೆಯುವುದು ಬ್ಯಾಟರಿಯಲ್ಲೇ, ಲೈನಿಂದ ಏನೂ ಎಳೆಯುವುದಿಲ್ಲ. ಬ್ಯಾಟರಿ ಇಲ್ಲದ ಮನೆಯ ಮಾವನಿಗೆ ನೀರಿನ ಮೋಟಾರು ಮಧ್ಯಾಹ್ನ ಹಾಕಿ ಅಂದೆ. "ನಿನ್ನ ಮಿಷನ್ ಹೇಳಿದ ಹೊತ್ತಿಗೆ ನಾನು ಟ್ಯಾಂಕ್ ತುಂಬಿಸ್ಬೇಕಾ?" ಅಂತ ಗೊಣಗಿದರು. ಈಗ ಹನ್ನೆರಡಕ್ಕೆ ಸರಿಯಾಗಿ ಅವರ ಮೋಟಾರು ಕೇಳಿಸುತ್ತದೆ.

ಟ್ರಿಪ್ ಆಗುವುದು ಹೆಚ್ಚುಕಡಿಮೆ ನಿಂತಿತು. ಸಂಜೆ ವೋಲ್ಟೇಜು 200 ದಾಟುತ್ತದೆ. ಎರಡು ಬ್ಯಾಟರಿಗೆ ಇನ್ನೆಷ್ಟು ಆಗುತ್ತದೆ ಹೇಳಿ.

ಮಳೆಗಾಲಕ್ಕೆ ಮಾತ್ರ ಇದು ನಡೆಯುವುದಿಲ್ಲ. ಮೋಡದ ದಿನ ಎರಡು ಮೂರು ಯೂನಿಟ್ ಸಿಕ್ಕರೆ ಪುಣ್ಯ. ಆಗ ಬೆಳಿಗ್ಗೆಯಿಂದಲೇ ತುಂಬಿಸಬೇಕು, ಸಾಲದಿದ್ದರೆ ನಡುರಾತ್ರಿ ಲೈನಿಂದಲೂ, ಮತ್ತೆ ಲೈನ್ ಇರುವಷ್ಟು ಹೊತ್ತು ಶೇಕಡಾ 80ರ ಕೆಳಗೆ ಇಳಿಸಲೇಬಾರದು. ಕಳೆದ ಜೂನ್‌ನಲ್ಲಿ ಬದಲಿಸಲು ಮರೆತೆ. ರಾತ್ರಿ ಹತ್ತಕ್ಕೆ ಮರ ಬಿತ್ತು, ಬ್ಯಾಟರಿಯಲ್ಲಿ ಉಳಿದಿದ್ದು ಶೇಕಡಾ 20. ಮೂರು ದಿನ ಮೇಣದಬತ್ತಿ. ಮನೆಯವಳು ಆ ಬ್ಯಾಟರಿ ಪೆಟ್ಟಿಗೆಯ ಮೇಲೇ ಒಂದು ಬತ್ತಿ ಹಚ್ಚಿಟ್ಟಿದ್ದಳು. ಈ ಸಲ ಮೇ 25ಕ್ಕೆ ಫೋನಿನಲ್ಲಿ ಅಲಾರಂ ಇಟ್ಟಿದ್ದೇನೆ.